ಸದಸ್ಯನ ಪಟ್ಟಿಯಲ್ಲಿ ನೀರು ಮೊದಲು

ಬೆಂಗಳೂರಿನ ಕಾರ್ಪೊರೇಟರ್ ಒಬ್ಬರ ಮನೆಯ ಜಗಲಿಯಲ್ಲಿ ಬೆಳಗಿನ ಹೊತ್ತು ಒಂದು ಗಂಟೆ ಕುಳಿತರೆ ಸಾಕು, ನಗರಾಡಳಿತದ ಆದ್ಯತೆ ಏನಿರಬೇಕೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬಾಕೆಯ ನಲ್ಲಿಗೆ ನಾಲ್ಕು ದಿನದಿಂದ ನೀರಿಲ್ಲ. ಇನ್ನೊಬ್ಬರ ಮನೆಯೊಳಗೆ ಚರಂಡಿ ಉಕ್ಕಿದೆ. ತಿರುವಿನ ಬೀದಿದೀಪ ಕೆಟ್ಟು ತಿಂಗಳಾಗಿದೆ. ಮೂಲೆಯಲ್ಲಿ ಕುಳಿತ ಮುದುಕರ ಕೈಯಲ್ಲಿ ಖಾತೆಯ ಕಾಗದವಿದೆ. ವಿಧಾನಸೌಧದ ಕಡೆಯಿಂದ ಮೇಲ್ಸೇತುವೆ, ಸುರಂಗ ಮಾರ್ಗಗಳ ಮಾತು ಕೇಳಿಬರುತ್ತಿರುವಾಗ ಈ ಜಗಲಿಯ ಮಾತೇ ಬೇರೆ. ಈ ಪಟ್ಟಿ ಎಷ್ಟು ಹಳೆಯದೆಂದು ನಾವು ಹುಡುಕಹೊರಟರೆ ಒಂದೂವರೆ ಶತಮಾನಕ್ಕೂ ಹಿಂದೆ ಹೋಗಬೇಕಾಗುತ್ತದೆ.

1850ರ ಪಟ್ಟಣ ಸುಧಾರಣಾ ಕಾಯ್ದೆಯ ಅಡಿಯಲ್ಲಿ 1862ರಲ್ಲಿ ಬೆಂಗಳೂರು ಪೇಟೆಗೆ ಒಂದು ಪುರಸಭೆ ಬಂತು. ಅದೇ ವರ್ಷ ದಂಡು ಪ್ರದೇಶಕ್ಕೂ ಇನ್ನೊಂದು ಬಂತು. ಪೇಟೆಯ ಸಭೆಯಲ್ಲಿದ್ದವರು ಸರಕಾರ ಆರಿಸಿದ ಗಣ್ಯರು. ಬೀದಿಯ ಜನ ಕಳಿಸಿದವರಲ್ಲ. ಆದರೂ ಅವರ ಮುಂದಿದ್ದ ಕೆಲಸ ಕಸ, ಚರಂಡಿ, ದೀಪ, ನೀರು. 1898ರಲ್ಲಿ ಪ್ಲೇಗ್ ಬಂದಾಗ ಇಕ್ಕಟ್ಟಾದ ಗಲ್ಲಿಗಳ ಮಾತು ಜೀವ ಮರಣದ ಮಾತಾಯಿತು. ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ರಸ್ತೆಗಳತ್ತ ಜನ ಸರಿದದ್ದು ಆ ಭಯದಿಂದಲೇ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೀದಿದೀಪ ಬೆಳಗಿತು. ದೀಪದ ಕಥೆ ಸಣ್ಣದು. ನೀರಿನದು ಹಾಗಲ್ಲ.

1890ರ ದಶಕದ ನಡುವೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ತರುವ ಕೆಲಸ ನಡೆಯಿತು. ಕೆರೆಯ ನೀರು ಇಳಿಜಾರಿನಲ್ಲಿ ಕಾಲುವೆಯಾಗಿ ತರಬನಹಳ್ಳಿಯ ಕಡೆಯಿಂದ ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಯಂತ್ರದ ಬಲದಿಂದ ಮಲ್ಲೇಶ್ವರದ ಶುದ್ಧೀಕರಣ ಘಟಕಕ್ಕೆ ಏರುತ್ತಿತ್ತು. ಶೆಟ್ಟಿಹಳ್ಳಿ ಇರುವುದು ಸೋಲದೇವನಹಳ್ಳಿಗೂ ಜಾಲಹಳ್ಳಿಗೂ ನಡುವಣ ಈ ಬಯಲಿನಲ್ಲೇ. ನಗರದ ನೀರು ಈ ಸೀಮೆಯನ್ನು ಹಾದುಹೋಗುತ್ತಿತ್ತು. ಆದರೆ ಅದು ಈ ಸೀಮೆಯವರದ್ದಾಗಿರಲಿಲ್ಲ. ಹಳ್ಳಿಗಳಿಗೆ ತಮ್ಮ ಕೆರೆ ಬಾವಿಗಳಿದ್ದವು, ಹಾಗಾಗಿ ತಕರಾರು ಏಳಲಿಲ್ಲವೆಂದು ಕಾಣುತ್ತದೆ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ನಗರ ತಿಪ್ಪಗೊಂಡನಹಳ್ಳಿಗೆ ಹೋಯಿತು. ಆ ಜಲಾಶಯ ಮುಗಿದದ್ದು 1933ರಲ್ಲಿ. 1974ರಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿ ಬಂತು. ಬಾಯಾರಿದ ನಗರ ಇನ್ನೂ ದೂರಕ್ಕೆ ಕೈ ಚಾಚಿತೇ ಹೊರತು, ಹಿಂದೆ ಬಿಟ್ಟುಬಂದ ಕೆರೆಯ ಸೀಮೆಯತ್ತ ತಿರುಗಿ ನೋಡಲಿಲ್ಲ.

ಇಷ್ಟರಲ್ಲಿ ಸದಸ್ಯರ ಕೈಯಿಂದ ಒಂದೊಂದೇ ಅಧಿಕಾರ ಜಾರುತ್ತಿತ್ತು. 1949ರಲ್ಲಿ ಪೇಟೆ ಮತ್ತು ದಂಡು ಒಂದಾಗಿ ಕಾರ್ಪೊರೇಷನ್ ಹುಟ್ಟಿದಾಗ ಚುನಾಯಿತರ ಕಾಲ ಬಂತೆಂದು ಜನ ನಂಬಿದ್ದರು. ಆದರೆ ಹೊಸ ಬಡಾವಣೆ ಮಾಡುವ ಕೆಲಸ ಅದಕ್ಕೂ ಮೊದಲೇ, 1945ರಲ್ಲೇ, ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಪಾಲಾಗಿತ್ತು. 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. 1964ರಲ್ಲಿ ನೀರು ಮತ್ತು ಒಳಚರಂಡಿ ಜಲಮಂಡಳಿಗೆ ಹೋಯಿತು. ಹೀಗೆ ಸದಸ್ಯನ ಪಟ್ಟಿಯ ಮೊದಲ ಹೆಸರೇ ಅವನ ಸಭೆಯಿಂದ ಹೊರಬಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಸಭೆಗಳಿಗೆ ಕೊಡಬಹುದಾದ 18 ವಿಷಯಗಳನ್ನು ಹೆಸರಿಸಿತು. ನಗರ ಯೋಜನೆ ಅದರಲ್ಲಿದೆ, ನೀರು ಸರಬರಾಜೂ ಇದೆ. ಬೆಂಗಳೂರಿನ ಮಂಡಳಿಗಳು ಮಾತ್ರ ಇದ್ದಲ್ಲೇ ಇದ್ದವು. ನೀರು ಬಾರದಾಗ ಬೈಗುಳ ತಿನ್ನುವವನು ಸದಸ್ಯ, ನೀರು ಬಿಡುವವನು ಬೇರೆಯವನು. ಈ ಏರ್ಪಾಡನ್ನು ಯಾರು ಯೋಚಿಸಿ ಮಾಡಿದರೋ, ಅವರ ಜಾಣತನಕ್ಕೆ ಸಲಾಮು ಹೇಳಬೇಕು.

ಶೆಟ್ಟಿಹಳ್ಳಿಯ ಕಡೆಗೆ ಬರೋಣ. ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದ ಮೇಲೆ ಸುತ್ತಲಿನ ಹಳ್ಳಿಗಳ ಚಹರೆ ಬದಲಾಯಿತು. ರಾಗಿ ಬೆಳೆಯುತ್ತಿದ್ದ ಜಮೀನುಗಳು ನಿಧಾನವಾಗಿ ರೆವಿನ್ಯೂ ಸೈಟುಗಳಾದವು. ಸೈಟು ಮಾರಿದವನು ರಸ್ತೆಯ ಗೆರೆ ಎಳೆದನೇ ಹೊರತು ಚರಂಡಿ ತೋಡಲಿಲ್ಲ, ಪೈಪು ಹಾಕಲಿಲ್ಲ. ಕೊಂಡವರು ಕೊಳವೆಬಾವಿ ಕೊರೆಸಿದರು, ಅದು ಬತ್ತಿದ ಮೇಲೆ ಟ್ಯಾಂಕರಿಗೆ ಫೋನು ಮಾಡಿದರು.

2007ರ ಜನವರಿಯಲ್ಲಿ 100 ವಾರ್ಡುಗಳ ಹಳೆಯ ಮಹಾನಗರ ಪಾಲಿಕೆಗೆ ದಾಸರಹಳ್ಳಿ ಸೇರಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಲಾಯಿತು. 226 ಚದರ ಕಿಲೋಮೀಟರಿನ ಊರು ಒಂದೇ ಸಲಕ್ಕೆ 700 ಚದರ ಕಿಲೋಮೀಟರನ್ನು ದಾಟಿತು. 198 ವಾರ್ಡುಗಳಲ್ಲಿ ಶೆಟ್ಟಿಹಳ್ಳಿಗೆ 12ನೆಯ ಸಂಖ್ಯೆ ಸಿಕ್ಕಿತು. ತೆರಿಗೆಯ ನೋಟೀಸು ಬೇಗ ಬಂತು. ಚುನಾವಣೆ ಬಂದದ್ದು 2010ರ ಮಾರ್ಚ್‌ನಲ್ಲಿ. ಅದುವರೆಗೆ ಮೂರು ವರ್ಷ ಈ ದೊಡ್ಡ ಪಾಲಿಕೆಗೆ ಒಬ್ಬ ಸದಸ್ಯನೂ ಇರಲಿಲ್ಲ.

ಹೊರವಲಯದ ವಾರ್ಡಿನಿಂದ ಗೆದ್ದು ಹೋದ ಸದಸ್ಯನ ಕಣ್ಣಿನಿಂದ ಪಾಲಿಕೆಯ ಬಜೆಟ್ಟನ್ನು ನೋಡಿದರೆ ಹೇಗೆ ಕಾಣುತ್ತದೆ? ನಡುಪೇಟೆಯ ಸದಸ್ಯ ಇದ್ದ ರಸ್ತೆಗೆ ಹೊಸ ಡಾಂಬರು ಕೇಳುತ್ತಾನೆ. ಇವನು ಕೇಳಬೇಕಾದದ್ದು ರಸ್ತೆಯನ್ನೇ. ಮೊದಲು ಡಾಂಬರು ಹಾಕಿಸಿದರೆ ಆಮೇಲೆ ಒಳಚರಂಡಿಗೆಂದು ಅಗೆಯುತ್ತಾರೆ. ಒಳಚರಂಡಿಗೆ ಕಾಯುತ್ತ ಕುಳಿತರೆ ಐದು ವರ್ಷ ಮುಗಿದು, ಕೆಸರು ತುಳಿದವರು ಮತ ಹಾಕುವುದಿಲ್ಲ. ಹಾಗಾಗಿ ಅವನು ಡಾಂಬರು ಹಾಕಿಸುತ್ತಾನೆ. ನಾವು ಅವನನ್ನು ಗೇಲಿ ಮಾಡುವುದು ಸುಲಭ, ಆದರೆ ಪೈಪಿನ ದಿನಾಂಕ ಅವನ ಕೈಯಲ್ಲಿಲ್ಲ. ಖಾತೆಯ ಕಥೆಯೂ ಹಾಗೆಯೇ. ರೆವಿನ್ಯೂ ಸೈಟಿನವನಿಗೆ ಸಿಕ್ಕಿದ್ದು ಬಿ ಖಾತೆ. ತೆರಿಗೆ ಕಟ್ಟಲು ಅದು ಸಾಕು, ಮನೆ ಕಟ್ಟುವ ಪರವಾನಗಿ, ಬ್ಯಾಂಕಿನ ಸಾಲ ಎಂದಾಗ ಸಾಲದು.

ಸದಸ್ಯರೆಲ್ಲ ಸಜ್ಜನರೆಂದು ನಾವು ಹೇಳುತ್ತಿಲ್ಲ. ಕಾಮಗಾರಿಯ ಬಿಲ್ಲಿನಲ್ಲಿ ಪಾಲು ಕೇಳಿದವರು, ಗುತ್ತಿಗೆದಾರರೇ ಸದಸ್ಯರಾದವರು ಇದ್ದರೆಂಬುದು ಊರಿಗೆ ಗೊತ್ತಿರುವ ಮಾತು. ಆದರೆ ಅವನ ಮನೆ ಯಾವ ಬೀದಿಯಲ್ಲಿದೆ ಎಂಬುದೂ ಊರಿಗೆ ಗೊತ್ತಿತ್ತು. ಉರ್ದು ಶಾಲೆಯಲ್ಲಿ ನಮಗೆ ಮೊದಲು ಕಲಿಸಿದ ಬರವಣಿಗೆಗಳಲ್ಲಿ ಅರ್ಜಿಯೂ ಒಂದು. ಅರ್ಜ್ ಎಂದರೆ ಎದುರಿಗೆ ನಿಂತು ವಿನಯದಿಂದ ಹೇಳಿಕೊಳ್ಳುವುದು. ಕನ್ನಡದ ಕಚೇರಿಗೆ ಬಂದ ಮೇಲೆ ಆ ಪದ ಬರೀ ಕಾಗದವಾಯಿತು. ಎದುರಿಗೆ ಒಬ್ಬ ಮನುಷ್ಯನಿದ್ದಾಗ ಮಾತ್ರ ಹಳೆಯ ಅರ್ಥ ಸ್ವಲ್ಪ ಉಳಿಯುತ್ತಿತ್ತು.

2020ರ ಸೆಪ್ಟೆಂಬರ್ 10ರಂದು ಪಾಲಿಕೆಯ ಅವಧಿ ಮುಗಿಯಿತು. ವಾರ್ಡಿನ ಗಡಿ, ಮೀಸಲಾತಿ, ನ್ಯಾಯಾಲಯದ ದಾವೆಗಳೆಂದು ಚುನಾವಣೆ ಮುಂದೆ ಮುಂದೆ ಹೋಯಿತು, ಆಡಳಿತಾಧಿಕಾರಿಗಳು ಬಂದರು. 110 ಹಳ್ಳಿಗಳು ಕಾಯುತ್ತಿದ್ದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು ಇದೇ ಅವಧಿಯಲ್ಲಿ, 2024ರ ಅಕ್ಟೋಬರ್ 16ರಂದು. ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಅದು. ಯಾವ ಬೀದಿಗೆ ಮೊದಲು, ಸಂಪರ್ಕದ ಹಣ ಕಟ್ಟಲಾಗದವರ ಗತಿ ಏನು, ಅಗೆದ ರಸ್ತೆ ಮುಚ್ಚುವವರು ಯಾರು ಎಂದು ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದವರ ಕುರ್ಚಿಗಳೆಲ್ಲ ಆಗ ಖಾಲಿಯಿದ್ದವು. ನೀರು ಬಾರದ ಮನೆಯಾಕೆ ಜಲಮಂಡಳಿಯ 1916 ಸಂಖ್ಯೆಗೆ ಫೋನು ಮಾಡಬಹುದಿತ್ತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯನ್ನೇ ಒಡೆದು ಐದು ಪಾಲಿಕೆಗಳನ್ನು ಮಾಡಿದರು. ಹೆಸರಿನ ಫಲಕಗಳು ಬದಲಾದವು. ಹುಟ್ಟಿದ ದಿನ ಆ ಐದರಲ್ಲೂ ಚುನಾಯಿತ ಸದಸ್ಯ ಒಬ್ಬನೂ ಇರಲಿಲ್ಲ.