ಹಲಗಲಿಯಲ್ಲಿ ಕಸಿದ ಕೋವಿ, ಕೊಡಗಿನಲ್ಲಿ ಉಳಿದ ಕೋವಿ

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ದಂಗೆಗಿಂತ ಮೊದಲು ದಕ್ಷಿಣಕ್ಕೆ ಬಂದದ್ದು ಅದರ ಭಯ. ಕಂಪನಿ ಸರ್ಕಾರ ಅದೇ ವರ್ಷ ಆಯುಧಗಳ ಮೇಲೆ ಕಾಯ್ದೆ ತಂದಿತು. ಯಾರ ಮನೆಯಲ್ಲಿ ಯಾವ ಕತ್ತಿ, ಯಾವ ಕೋವಿ ಇದೆಯೆಂಬುದು ಇನ್ನು ಸರ್ಕಾರಕ್ಕೆ ಗೊತ್ತಿರಬೇಕಿತ್ತು.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಈ ಹುಕುಂ ಅರ್ಥವೇ ಆಗಲಿಲ್ಲ. ಬೇಟೆಯಾಡಿ ಬದುಕಿದ ಜನ. ತಲೆತಲಾಂತರದಿಂದ ಆಯುಧ ಅವರ ಕೈಯಲ್ಲಿತ್ತು, ಅವರ ಮಾನವೂ ಅದರಲ್ಲೇ ಇತ್ತು. ಇಂದು ಹೆಸರು ಬರೆಸಿಕೊಂಡವರು ನಾಳೆ ಹತಾರವನ್ನೇ ಒಯ್ಯುತ್ತಾರೆ ಎಂದು ಅವರು ಅಂಜಿದರು. ಆ ಅಂಜಿಕೆ ಸುಳ್ಳಾಗಿರಲಿಲ್ಲ. ಅವರು ಹತಾರ ಒಪ್ಪಿಸಲು ಒಪ್ಪದಾಗ, ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುತ್ತುವರಿಯಿತು, ಮನೆಗಳಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 19 ಮಂದಿಗೆ ಗಲ್ಲಾಯಿತು. 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಯ ದಿನವೇ, ನೇಣಿಗೇರಿಸಿದರು. ಉಳಿದ 6 ಜನರನ್ನು ಹಲಗಲಿಗೇ ಕರೆತಂದು, ಅವರ ಊರವರ ಕಣ್ಣೆದುರೇ ಕೊಂದರು. ಸಂತೆಗೆ ಬಂದವರೆಲ್ಲ ನೋಡಿ ಹೆದರಲಿ ಎಂಬುದೇ ಉದ್ದೇಶ. ಹೆದರಿದ ಆಡಳಿತಕ್ಕೆ ಹೆದರಿಸುವುದೊಂದೇ ದಾರಿಯಾಗಿ ಕಂಡಿತ್ತು.

ಅದರಿಂದ ನಾಡು ತಣ್ಣಗಾಯಿತೇ? ಇಲ್ಲ. ಆರು ತಿಂಗಳೊಳಗೆ ನರಗುಂದದ ಭಾಸ್ಕರರಾವ್ ಭಾವೆ, ಮುಂಡರಗಿಯ ಭೀಮರಾಯ ಇಬ್ಬರೂ ಬಂಡೆದ್ದರು. ಕೋವಿ ಕಸಿಯಲು ಹೊರಟ ಸರ್ಕಾರ, ಇಲ್ಲದ ಜಗಳವನ್ನು ಹಲಗಲಿಯಲ್ಲಿ ತಾನೇ ಹುಟ್ಟಿಸಿತು.

ಕೊಡಗಿನಲ್ಲಿ ಬ್ರಿಟಿಷ್ ಸರ್ಕಾರ ನಡೆದುಕೊಂಡ ರೀತಿಯೇ ಬೇರೆ. ಕೊಡವರು ನಂಬಿಗಸ್ತರೆಂದು ಬಗೆದು 1861ರಲ್ಲಿ ಅವರನ್ನು ಆಯುಧ ಕಾಯ್ದೆಯಿಂದ ಹೊರಗಿಟ್ಟಿತು. ಆ ವಿನಾಯಿತಿ ಈಗಲೂ ನಡೆದುಬಂದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆ ಸಲ್ಲುತ್ತದೆ. ಬೇಡರ ಕೋವಿಯೂ ಕೊಡವರ ಕೋವಿಯೂ ಗುಂಡು ಹಾರಿಸುವ ಆಯುಧಗಳೇ. ಒಂದನ್ನು ಕಂಡು ಸರ್ಕಾರ ಬೆದರಿತು, ಇನ್ನೊಂದನ್ನು ನಂಬಿತು.

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಶಸ್ತ್ರ ಕಾಯ್ದೆ ಪರವಾನಗಿಯ ಬಿಗಿಯನ್ನು ಇಡೀ ದೇಶಕ್ಕೆ ಹಾಕಿತು. ಯುರೋಪಿಯನ್ನರಿಗೆ ಅದರಿಂದ ರಿಯಾಯಿತಿ ಇತ್ತು. ಸ್ವತಂತ್ರ ಭಾರತ ಅದನ್ನು ಬದಲಿಸಿದ್ದು 1959ರಲ್ಲಿ.

ಹಲಗಲಿಯ ಕಥೆಯನ್ನು ಲಾವಣಿಕಾರರು ಉಳಿಸಿದರು. ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಶಾಲೆಯ ಮಕ್ಕಳೂ ಅದನ್ನು ಓದಿದ್ದಾರೆ. ಅದನ್ನು ಕಲಿಸುವ ಮೇಷ್ಟ್ರುಗಳು ಬೇಡರ ಶೌರ್ಯದ ಜೊತೆಗೆ, ಅವರನ್ನು ಆ ಸ್ಥಿತಿಗೆ ತಳ್ಳಿದ ಕಾಯ್ದೆಯ ಬಗ್ಗೆಯೂ ಮಕ್ಕಳಿಗೆ ತಿಳಿಸಬೇಕು.