ಆಟದ ಚಿಪ್, ಕೆಲಸದ ಚಿಪ್: ಎರಡೂ ಒಂದಾದ ಬಗೆ

ಕಟ್ಟಡದ ಮೂರು ಆಯಾಮದ ನಕ್ಷೆ ತಯಾರಿಸಲು, ಅನಿಮೇಶನ್ ಮಾಡಲು ಪ್ರಬಲವಾದ ಗಣಕ ಬೇಕು. ಬಿಡುವಿದ್ದಾಗ ಅದರಲ್ಲೇ ಆಟವನ್ನೂ ಆಡುವಂತಿರಬೇಕು. ಇಂಥ ಗಣಕಕ್ಕೆ ಬಿಡಿಭಾಗಗಳನ್ನು ಆರಿಸುವವರನ್ನು ಹೆಚ್ಚು ಗೊಂದಲಕ್ಕೀಡುಮಾಡುವುದು ಗ್ರಾಫಿಕ್ಸ್ ಕಾರ್ಡು. ಆಟದ ಕಾರ್ಡಿಗೆ ಒಂದು ಬೆಲೆಯಾದರೆ, ವರ್ಕ್‌ಸ್ಟೇಷನ್ ಕಾರ್ಡಿಗೆ ಅದರ ನಾಲ್ಕು ಪಟ್ಟು ಬೆಲೆ ಇರುವುದುಂಟು. ವಿಚಿತ್ರವೆಂದರೆ ಎರಡರೊಳಗೂ ಒಂದೇ ವಿನ್ಯಾಸದ ಚಿಪ್ ಇರಬಹುದು! ಹೀಗೇಕೆ? ಇದಕ್ಕೆ ಉತ್ತರ ನಾಲ್ಕು ದಶಕಗಳ ಇತಿಹಾಸದಲ್ಲಿದೆ.

ಗಣಕದಲ್ಲಿ ಮೂರು ಆಯಾಮದ ವಸ್ತುವನ್ನು ಸಾವಿರಾರು ಚಿಕ್ಕ ತ್ರಿಭುಜಗಳಾಗಿ ಇಡುತ್ತಾರೆ. ವಸ್ತುವನ್ನು ತುಸು ತಿರುಗಿಸಿದರೂ ಪ್ರತಿಯೊಂದು ಶೃಂಗದ ಹೊಸ ಸ್ಥಾನವನ್ನು ಲೆಕ್ಕ ಹಾಕಬೇಕು. ಅದಕ್ಕೆ 4 ಅಡ್ಡಸಾಲು, 4 ಕಂಬಸಾಲುಗಳ ಮಾತೃಕೆಯಿಂದ ಗುಣಿಸಬೇಕು. ಒಂದು ಶೃಂಗಕ್ಕೆ 16 ಗುಣಾಕಾರ. 10,000 ಶೃಂಗಗಳಿರುವ ವಸ್ತುವನ್ನು ಸೆಕೆಂಡಿಗೆ 30 ಬಾರಿ ಚಿತ್ರಿಸಲು 48 ಲಕ್ಷ ಗುಣಾಕಾರಗಳಾಗಬೇಕು. 1980ರ ದಶಕದ ಆರಂಭದ ಸಾಮಾನ್ಯ ಪ್ರೊಸೆಸರುಗಳಿಗೆ ಇದು ನಿಲುಕದ ಮಾತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಿಮ್ ಕ್ಲಾರ್ಕ್ ಮತ್ತು ಅವರ ವಿದ್ಯಾರ್ಥಿಗಳು ಈ ಒಂದೇ ಕೆಲಸಕ್ಕಾಗಿ 'ಜಿಯೊಮೆಟ್ರಿ ಎಂಜಿನ್' ಎಂಬ ಚಿಪ್ ರೂಪಿಸಿದರು. ಇಂಥ ಹಲವು ಚಿಪ್‌ಗಳನ್ನು ಸಾಲಾಗಿ ಜೋಡಿಸಿದರೆ ಪ್ರತಿಯೊಂದೂ ಲೆಕ್ಕದ ಒಂದೊಂದು ಹಂತವನ್ನು ಮುಗಿಸಿ ಮುಂದಿನದಕ್ಕೆ ದಾಟಿಸುತ್ತದೆ. ಅದರ ವಿವರ 1982ರಲ್ಲಿ ಪ್ರಕಟವಾಯಿತು. ಇದೇ ತತ್ತ್ವದ ಮೇಲೆ ಕ್ಲಾರ್ಕ್ ಕಟ್ಟಿದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1984ರಲ್ಲಿ ಐರಿಸ್ ವರ್ಕ್‌ಸ್ಟೇಷನ್ನುಗಳನ್ನು ಹೊರತಂದಿತು. ಬೆಲೆ ಹತ್ತಾರು ಸಾವಿರ ಡಾಲರ್. ಕೊಳ್ಳುತ್ತಿದ್ದವರು ವಿನ್ಯಾಸಕಾರರು, ವಿಜ್ಞಾನಿಗಳು, ಚಲನಚಿತ್ರ ಸ್ಟುಡಿಯೊಗಳು. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಗಣಕ ನಿರ್ಮಿತ ಡೈನೋಸಾರುಗಳು ಮೂಡಿದ್ದು ಈ ಕಂಪನಿಯ ಯಂತ್ರಗಳಲ್ಲೇ.

ಅಲ್ಲಿಂದ ಈ ವಿದ್ಯೆ ಮನೆಗೆ ಇಳಿಯಿತು. 1996ರಲ್ಲಿ ಬಂದ ನಿಂಟೆಂಡೊ 64 ಆಟದ ಯಂತ್ರದ ಗ್ರಾಫಿಕ್ಸ್ ಚಿಪ್ಪನ್ನು ವಿನ್ಯಾಸ ಮಾಡಿದ್ದು ಸಿಲಿಕಾನ್ ಗ್ರಾಫಿಕ್ಸ್. ಆ ಕಂಪನಿಯಲ್ಲಿ ದುಡಿದಿದ್ದ ಮೂವರು 1994ರಲ್ಲಿ ತ್ರೀಡಿಎಫ್‌ಎಕ್ಸ್ ಸಂಸ್ಥೆ ತೆರೆದು, 1996ರಲ್ಲಿ 'ವೂಡೂ' ಚಿಪ್ ಹೊರತಂದರು. ಅವರ ಜಾಣತನವೆಲ್ಲ ಏನನ್ನು ಬಿಡಬೇಕು ಎಂಬುದರಲ್ಲಿತ್ತು. ಶೃಂಗಗಳ ಲೆಕ್ಕವನ್ನು ಗಣಕದ ಮುಖ್ಯ ಪ್ರೊಸೆಸರಿಗೇ ಬಿಟ್ಟು, ತ್ರಿಭುಜಗಳಿಗೆ ಬಣ್ಣ, ಮೇಲ್ಮೈಯ ಚಿತ್ತಾರ ತುಂಬುವ ಕೆಲಸವನ್ನಷ್ಟೆ ಚಿಪ್ಪಿಗೆ ವಹಿಸಿದರು. ಅದೇ ವರ್ಷ ಮೆಮೊರಿಯ ಬೆಲೆ ಕುಸಿದದ್ದು ಅವರಿಗೆ ವರವಾಯಿತು. ಸಿಲಿಕಾನ್ ಗ್ರಾಫಿಕ್ಸ್ 1992ರಲ್ಲಿ ರೂಪಿಸಿದ್ದ ಓಪನ್‌ಜಿಎಲ್ ಎಂಬ ವರ್ಕ್‌ಸ್ಟೇಷನ್ ಮಾನಕವೂ 1997ರಲ್ಲಿ 'ಕ್ವೇಕ್' ಆಟದ ಮೂಲಕ ಮನೆಯ ಗಣಕಕ್ಕೆ ಬಂತು.

1999ರಲ್ಲಿ ಎನ್‌ವಿಡಿಯಾ ಕಂಪನಿ 'ಜಿಫೋರ್ಸ್ 256' ಚಿಪ್ ತಂದಾಗ ಶೃಂಗಗಳ ಲೆಕ್ಕವೂ ಅದರೊಳಗೆ ಸೇರಿಕೊಂಡಿತು. ಜಿಯೊಮೆಟ್ರಿ ಎಂಜಿನ್ ಮಾಡುತ್ತಿದ್ದ ಕೆಲಸ ಈಗ ಕೆಲವು ನೂರು ಡಾಲರುಗಳ ಕಾರ್ಡಿನಲ್ಲಿ! ಅದೇ ಚಿಪ್ಪನ್ನು ಕಂಪನಿ 'ಕ್ವಾಡ್ರೊ' ಹೆಸರಿನಲ್ಲಿ ವರ್ಕ್‌ಸ್ಟೇಷನ್ನುಗಳಿಗೂ ಮಾರಿತು. ಕೆಲಸ ಮತ್ತು ಆಟಗಳ ನಡುವಿನ ಗೆರೆ ಅಂದಿನಿಂದ ಚಿಪ್ಪಿನಿಂದ ಹೊರಗೆ ಸರಿಯಿತು. ವಿನ್ಯಾಸ ತಂತ್ರಾಂಶಗಳಲ್ಲಿ ಪರೀಕ್ಷಿಸಿ ದೃಢೀಕರಿಸಿದ ಡ್ರೈವರು, ಹೆಚ್ಚಿನ ಮೆಮೊರಿ ಇವೇ ವ್ಯತ್ಯಾಸಗಳಾದವು. ಆಟದಲ್ಲಿ ಒಂದು ಗೆರೆ ತಪ್ಪಿದರೆ ಮರುಕ್ಷಣವೇ ಮಾಯವಾಗುತ್ತದೆ. ಸೇತುವೆಯ ನಕ್ಷೆಯಲ್ಲಿ ತಪ್ಪಿದರೆ ಸುಮ್ಮನಿರಲಾಗದು.

ಲಕ್ಷಾಂತರ ಆಟಗಾರರು ಕೊಟ್ಟ ಹಣ ಆಟದ ಚಿಪ್‌ಗಳ ಸಂಶೋಧನೆಗೆ ಹರಿಯಿತು. ಕೆಲವೇ ಗಿರಾಕಿಗಳನ್ನು ನಂಬಿದ ದುಬಾರಿ ವರ್ಕ್‌ಸ್ಟೇಷನ್ನುಗಳು ಆ ವೇಗಕ್ಕೆ ಸಾಟಿಯಾಗಲಿಲ್ಲ. ಸಿಲಿಕಾನ್ ಗ್ರಾಫಿಕ್ಸ್ 2006ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಮೌಂಟನ್ ವ್ಯೂನಲ್ಲಿ ಅದು ಕಟ್ಟಿಸಿದ್ದ ಕಚೇರಿ ಆವರಣ ಗೂಗಲ್‌ನ ಪಾಲಾಯಿತು.

ಇತ್ತ ಆಟದ ಕಾರ್ಡು ವಿಜ್ಞಾನಕ್ಕೂ ಒದಗಿತು. 2006ರಲ್ಲಿ ಪ್ರಕಟವಾದ 'ಕುಡಾ' ವ್ಯವಸ್ಥೆಯಿಂದ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಬೇರೆ ಲೆಕ್ಕಗಳನ್ನೂ ಮಾಡುವುದು ಸುಲಭವಾಯಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರಗಳನ್ನು ಗುರುತಿಸುವ 'ಅಲೆಕ್ಸ್‌ನೆಟ್' ಜಾಲವನ್ನು ಎರಡು ಜಿಟಿಎಕ್ಸ್ 580 ಆಟದ ಕಾರ್ಡುಗಳಲ್ಲಿ ಐದಾರು ದಿನ ತರಬೇತುಗೊಳಿಸಿದರು. ಒಂದೊಂದು ಕಾರ್ಡಿನಲ್ಲೂ ಇದ್ದದ್ದು 3 ಗಿಗಾಬೈಟ್ ಮೆಮೊರಿ. ಅದು ಸಾಲದೆ ಜಾಲವನ್ನು ಎರಡಕ್ಕೂ ಹಂಚಬೇಕಾಯಿತು. ಅವರನ್ನು ಕಟ್ಟಿಹಾಕಿದ್ದು ವೇಗಕ್ಕಿಂತ ಹೆಚ್ಚಾಗಿ ಮೆಮೊರಿ ಎಂಬುದು ಗಮನಾರ್ಹ.

2022ರಲ್ಲಿ ಬಂದ ಎರಡು ಕಾರ್ಡುಗಳಲ್ಲೂ ಇದೇ ಕಥೆ. ಆಟದ ಆರ್‌ಟಿಎಕ್ಸ್ 4090ರಲ್ಲಿ 24 ಗಿಗಾಬೈಟ್ ಮೆಮೊರಿ. ಆರಂಭದ ಬೆಲೆ 1,599 ಡಾಲರ್. ವರ್ಕ್‌ಸ್ಟೇಷನ್ನಿನ ಆರ್‌ಟಿಎಕ್ಸ್ 6000 ಅಡಾ ಕಾರ್ಡಿನಲ್ಲಿ 48 ಗಿಗಾಬೈಟ್. ಬೆಲೆ 6,800 ಡಾಲರ್. ಎರಡರ ಚಿಪ್ಪೂ ಎಡಿ 102 ವಿನ್ಯಾಸದ್ದೇ.

ಹಾಗಾದರೆ ಯಾವುದನ್ನು ಆರಿಸಬೇಕು? ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ನಮ್ಮ ಕೆಲಸದ ದತ್ತಾಂಶ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುತ್ತದೆಯೆ? ನಾವು ಬಳಸುವ ತಂತ್ರಾಂಶಕ್ಕೆ ದೃಢೀಕೃತ ಡ್ರೈವರು ಬೇಕೆ? ದತ್ತಾಂಶ ಹಿಡಿಸುತ್ತದೆ, ದೃಢೀಕರಣ ಬೇಡ ಎಂದಾದರೆ ಆಟದ ಕಾರ್ಡು ಧಾರಾಳ. ಉಳಿದ ಹಣ ಹೆಚ್ಚು ಕೋರುಗಳ ಪ್ರೊಸೆಸರು, ಗಣಕದ ಮೆಮೊರಿ, ಒಳ್ಳೆಯ ವಿದ್ಯುತ್ ಪೂರೈಕೆ ಘಟಕಗಳಿಗೆ ಸಲ್ಲಲಿ. ಕೊನೆಯದನ್ನು ಕಡೆಗಣಿಸುವಂತಿಲ್ಲ: 6000 ಅಡಾ ಕಾರ್ಡಿಗೆ 300 ವಾಟ್ ಸಾಕು, 4090ಕ್ಕೆ 450 ವಾಟ್ ಬೇಕು.