ಕಟ್ಟಡ ನಿರ್ಮಾಣ ಸ್ಥಳದಲ್ಲಿ ಸಾಮಗ್ರಿಗಳ ಅಪವ್ಯಯ: ಕಾರಣಗಳು

ಪೀಠಿಕೆ

ಬಸವ ವಸತಿಯಂತಹ ಯೋಜನೆಗಳಲ್ಲಿ ಸಹಾಯಧನವನ್ನು ತಳಪಾಯ, ಲಿಂಟಲ್, ಛಾವಣಿ ಮತ್ತು ಪೂರ್ಣ ಎಂಬ ಹಂತಗಳಿಗೆ ಅನುಗುಣವಾಗಿ ಬಿಡುಗಡೆ ಮಾಡಲಾಗುತ್ತದೆ. ಒಂದು ಹಂತಕ್ಕೆಂದು ಖರೀದಿಸಿದ ಸಾಮಗ್ರಿಯು ಹಾಳಾದಲ್ಲಿ ಆ ಹಂತವು ಪೂರ್ಣಗೊಳ್ಳುವುದಿಲ್ಲ; ಹಂತವು ಪೂರ್ಣಗೊಳ್ಳದೆ ಮುಂದಿನ ಕಂತು ದೊರೆಯುವುದಿಲ್ಲ. ಸಾಮಗ್ರಿಯ ಅಪವ್ಯಯದಿಂದ ಮನೆಯು ಗೋಡೆಯ ಮಟ್ಟದಲ್ಲಿಯೇ ನಿಂತುಹೋಗುವ ಸಂಭವವಿರುತ್ತದೆ. ಇದರ ಹೊಣೆಯನ್ನು ಸಾಮಾನ್ಯವಾಗಿ ಗಾರೆ ಕೆಲಸಗಾರರ ಮೇಲೆ ಹೊರಿಸಲಾಗುತ್ತದೆಯಾದರೂ, ಸಾಮಗ್ರಿಯು ಅವರ ಕೈಸೇರುವ ಮೊದಲೇ ನಷ್ಟಕ್ಕೆ ಹಲವು ಕಾರಣಗಳು ಒದಗಿರುತ್ತವೆ. ಅವುಗಳಲ್ಲಿ ಮುಖ್ಯವಾದವುಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಅಗತ್ಯಕ್ಕಿಂತ ಮುಂಚಿತವಾಗಿ ಖರೀದಿಸುವುದು

ದರ ಏರಬಹುದೆಂಬ ಭಯದಿಂದ ಇಡೀ ಮನೆಗೆ ಬೇಕಾಗುವ ಸಿಮೆಂಟನ್ನು ಒಮ್ಮೆಲೇ ತರಿಸುವ ರೂಢಿಯಿದೆ. ಸಿಮೆಂಟು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಂಡು ಕ್ರಮೇಣ ಬಲವನ್ನು ಕಳೆದುಕೊಳ್ಳುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ದಾಸ್ತಾನಿನಲ್ಲಿದ್ದ ಸಿಮೆಂಟನ್ನು ಪರೀಕ್ಷಿಸದೆ ಬಳಸತಕ್ಕದ್ದಲ್ಲ. ಆಯಾ ಹಂತಕ್ಕೆ ಬೇಕಾದಷ್ಟನ್ನು ಮಾತ್ರ ಖರೀದಿಸುವುದು ಸೂಕ್ತ.

2. ದಾಸ್ತಾನಿನ ದೋಷಗಳು

ಸಿಮೆಂಟು ಚೀಲಗಳನ್ನು ನೇರವಾಗಿ ನೆಲದ ಮೇಲೆ ಅಥವಾ ಗೋಡೆಗೆ ತಾಗಿಸಿ ಇಡುವುದರಿಂದ ಅಂಚಿನ ಚೀಲಗಳು ಗಟ್ಟಿಯಾಗುತ್ತವೆ. ನೆಲದಿಂದ 15 ರಿಂದ 20 ಸೆಂ.ಮೀ. ಎತ್ತರದ ಹಲಗೆಗಳ ಮೇಲೆ, ಗೋಡೆಯಿಂದ 45 ಸೆಂ.ಮೀ. ದೂರದಲ್ಲಿ, ಹತ್ತು ಚೀಲಗಳಿಗೆ ಮೀರದಂತೆ ಜೋಡಿಸಬೇಕು. ಮೊದಲು ಬಂದ ಚೀಲವನ್ನು ಮೊದಲು ಬಳಸಬೇಕು. ಮರಳು ಮತ್ತು ಜಲ್ಲಿಯನ್ನು ಬರಿ ಮಣ್ಣಿನ ಮೇಲೆ ಸುರಿದಲ್ಲಿ ತಳದ ಪದರವು ಮಣ್ಣಿನೊಂದಿಗೆ ಬೆರೆತು ನಿರುಪಯುಕ್ತವಾಗುತ್ತದೆ. ಇಟ್ಟಿಗೆಗಳನ್ನು ಲಾರಿಯಿಂದ ಒಮ್ಮೆಗೇ ಸುರಿಯುವುದರಿಂದ ಒಡೆಯುವ ಪ್ರಮಾಣ ಹೆಚ್ಚುತ್ತದೆ.

3. ಒದ್ದೆ ಮರಳಿನ ಅಳತೆ

ಈ ಕಾರಣವು ಕಣ್ಣಿಗೆ ಕಾಣದ್ದು. ತೇವಗೊಂಡ ಮರಳು ಉಬ್ಬಿ, ಒಣ ಮರಳಿಗಿಂತ ಸುಮಾರು ನಾಲ್ಕನೇ ಒಂದು ಭಾಗದಷ್ಟು ಹೆಚ್ಚು ಜಾಗವನ್ನು ಆಕ್ರಮಿಸಬಹುದು. ಇಂತಹ ಮರಳನ್ನು ಅಳತೆಯ ಪೆಟ್ಟಿಗೆಯಲ್ಲಿ ತುಂಬಿದಾಗ ನಿಜವಾದ ಮರಳು ಕಡಿಮೆಯಾಗಿ, ಗಾರೆಯಲ್ಲಿ ಸಿಮೆಂಟಿನ ಪಾಲು ಅನಗತ್ಯವಾಗಿ ಹೆಚ್ಚುತ್ತದೆ. ಘನ ಅಳತೆಯಲ್ಲಿ ಮರಳು ಖರೀದಿಸುವವರಿಗೂ ಇದರಿಂದ ನಷ್ಟವಾಗುತ್ತದೆ.

4. ಪಟ್ಟಿಯಿಲ್ಲದೆ ಕಬ್ಬಿಣ ಕತ್ತರಿಸುವುದು

ಕಬ್ಬಿಣದ ಸರಳುಗಳು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ದೊರೆಯುತ್ತವೆ. ಒಂದು ಸರಳಿನಿಂದ 3.5 ಮೀಟರಿನ ಮೂರು ತುಂಡುಗಳನ್ನು ತೆಗೆದರೆ 1.5 ಮೀಟರ್, ಅಂದರೆ ಎಂಟನೇ ಒಂದು ಭಾಗ, ಉಳಿಯುತ್ತದೆ. ಎಲ್ಲ ಅಳತೆಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿದಲ್ಲಿ ಈ ತುಂಡು ಗಿಡ್ಡ ಲಿಂಟಲಿಗೆ ಉಪಯೋಗವಾಗಬಹುದು. ಇಲ್ಲವಾದಲ್ಲಿ ಗುಜರಿಗೆ ಹೋಗುತ್ತದೆ.

5. ಕೆಲಸದ ಲೋಪಗಳು ಮತ್ತು ಬದಲಾವಣೆಗಳು

ಗೋಡೆಯು ತೂಗುಗುಂಡಿಗೆ ಸರಿಯಾಗಿರದಿದ್ದಲ್ಲಿ 12 ಮಿ.ಮೀ. ಗಿಲಾವು 18 ಮಿ.ಮೀ. ಆಗುತ್ತದೆ, ಗಾರೆಯು ಒಂದೂವರೆ ಪಟ್ಟು ಬೇಕಾಗುತ್ತದೆ. ಗೋಡೆ ಎದ್ದ ನಂತರ ಕಿಟಕಿಯ ಸ್ಥಾನವನ್ನು ಬದಲಾಯಿಸುವುದರಿಂದ ಸಾಮಗ್ರಿ ಮತ್ತು ಕೂಲಿ ಎರಡೂ ವ್ಯರ್ಥವಾಗುತ್ತವೆ. ಊಟದ ವಿರಾಮಕ್ಕೆ ಮುನ್ನ ಹೆಚ್ಚು ಗಾರೆ ಕಲಸಿಡುವುದೂ ನಷ್ಟಕ್ಕೆ ಕಾರಣ.

6. ಲೆಕ್ಕವಿಡದಿರುವುದು

ಬಂದದ್ದು, ಬಳಸಿದ್ದು, ಉಳಿದದ್ದು ಎಂಬ ಮೂರು ಕಲಮುಗಳ ಒಂದು ಸಾದಾ ಪುಸ್ತಕವನ್ನು ನಿರ್ವಹಿಸಿದಲ್ಲಿ, ಅಂದಾಜಿಗಿಂತ ಹೆಚ್ಚು ಬಳಕೆಯಾದ ಸಾಮಗ್ರಿಯು ಅದೇ ವಾರದಲ್ಲಿ ತಿಳಿದುಬರುತ್ತದೆ. ಲೆಕ್ಕವಿಲ್ಲದಿದ್ದಲ್ಲಿ ಕೊರತೆಯು ಛಾವಣಿ ಹಾಕುವ ದಿನವೇ ಅರಿವಿಗೆ ಬರುತ್ತದೆ. ಆ ವೇಳೆಗೆ ಸರಿಪಡಿಸಲು ಹಣವಾಗಲಿ, ಕಾಲಾವಕಾಶವಾಗಲಿ ಉಳಿದಿರುವುದಿಲ್ಲ.

ಮನೆ ನಿರ್ಮಿಸುವವರು ಪ್ರತಿ ಹಂತದ ಖರೀದಿಗೆ ಮುನ್ನ ಅಭಿಯಂತರರಿಂದ ಸಾಮಗ್ರಿಗಳ ಅಂದಾಜು ಪಟ್ಟಿಯನ್ನು ಪಡೆದು, ಅದರಂತೆ ದಾಸ್ತಾನು ಮತ್ತು ಬಳಕೆಯನ್ನು ತಾಳೆ ನೋಡುವುದು ಹಿತಕರ.